ಮ್ಯಾಸಿಲಾನ್ ಊರಲ್ಲಿ ಮ್ಯಾಚಿನ ವಾರ

ಮಂಗಳವಾರ

ಮಗಳು, ಅಳಿಯ ಇರುವುದು ಅಮೆರಿಕದ ಓಹಾಯೋ ರಾಜ್ಯದ ಆ್ಯಕ್ರನ್‌ನಲ್ಲಿ. ನಾನು ಬಂದು ಒಂದೂವರೆ ತಿಂಗಳಾಗಿತ್ತು. ಅಕ್ಟೋಬರ್ ಕೊನೆಗೆ ಬರುತ್ತಿತ್ತು. ರಸ್ತೆಯ ಎರಡೂ ಕಡೆ ಮೇಪಲ್ ಮರಗಳು ಅರಿಶಿನ ಕುಂಕುಮ ಚೆಲ್ಲಿದ ಹಾಗೆ ನಿಂತಿದ್ದವು. ಬೆಳಿಗ್ಗೆ ವಾಕಿಂಗ್ ಹೊರಟಾಗ ಪಕ್ಕದ ಮನೆಯ ಹಿರಿಯರು ಅಂಗಳದಲ್ಲಿ ಎಲೆ ಗುಡಿಸುತ್ತಿದ್ದರು. ತಲೆ ಮೇಲೆ ಕಿತ್ತಳೆ ಬಣ್ಣದ ಟೋಪಿ, ಅದರ ಮೇಲೆ ಕಪ್ಪು ಹುಲಿ. ಅದೇ ಮನೆಯ ಬಾಗಿಲಲ್ಲಿ ಅವರ ಹೆಂಡತಿ ಕಾಫಿ ಹಿಡಿದು ನಿಂತಿದ್ದರು. ಅವರ ಸ್ವೆಟರ್ ಕೆಂಪು, ಎದೆ ಮೇಲೆ ಬುಲ್‌ಡಾಗ್.

'ಈ ವಾರ ನಾವಿಬ್ಬರೂ ಜಾಸ್ತಿ ಮಾತಾಡಲ್ಲ' ಅಂದರು ಅಜ್ಜ. ಮುಖದಲ್ಲಿ ನಗು ಇರಲಿಲ್ಲ.

ಆಮೇಲೆ ವಿವರ ಹೇಳಿದರು. ಅವರು ಹುಟ್ಟಿ ಬೆಳೆದದ್ದು ಮ್ಯಾಸಿಲಾನ್‌ನಲ್ಲಿ. ಅಲ್ಲಿನ ಹೈಸ್ಕೂಲ್ ತಂಡದ ಹೆಸರು ಟೈಗರ್ಸ್. ಅಜ್ಜಿಯ ಊರು ಕ್ಯಾಂಟನ್. ಅವರು ಓದಿದ್ದು ಮೆಕಿನ್ಲಿ ಹೈಸ್ಕೂಲಿನಲ್ಲಿ, ಆ ತಂಡ ಬುಲ್‌ಡಾಗ್ಸ್. ಎರಡೂ ಊರಿನ ನಡುವೆ ಸುಮಾರು 13 ಕಿಲೋಮೀಟರ್. ಈ ಎರಡು ಶಾಲೆಗಳ ನಡುವೆ 1894ರಿಂದ ಫುಟ್ಬಾಲ್ ಪಂದ್ಯ ನಡೆಯುತ್ತಿದೆ. ಇದುವರೆಗೆ 130ಕ್ಕೂ ಹೆಚ್ಚು ಸಲ ಆಡಿದ್ದಾರೆ. ಈ ಶನಿವಾರ ಮತ್ತೆ ಆಟ, ಅದೂ ಮ್ಯಾಸಿಲಾನ್ ಮೈದಾನದಲ್ಲಿ.

ನಾನು ಹಾಸನ ಜಿಲ್ಲೆಯ ಹಳ್ಳಿ ಹೈಸ್ಕೂಲುಗಳಲ್ಲಿ 31 ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಅಂತ ಮಕ್ಕಳನ್ನು ಕರೆದುಕೊಂಡು ತಿರುಗಿದ್ದೇ ನನ್ನ ಜೀವನ. ಅದನ್ನು ಹೇಳಿದ ಕೂಡಲೇ ಅಜ್ಜ ಪೊರಕೆ ಕೆಳಗಿಟ್ಟು ಕೈ ಕುಲುಕಿದರು. ಅಲ್ಲಿಂದ ಮುಂದೆ ಅವರು ನನ್ನನ್ನು ಕರೆದದ್ದು 'ಕೋಚ್' ಅಂತಲೇ. ನಮ್ಮಲ್ಲಿ 'ಮೇಷ್ಟ್ರೇ' ಅನ್ನುವುದರಲ್ಲಿ ಇರುವ ಮರ್ಯಾದೆ ಆ ಪದದಲ್ಲಿ ಇದೆ ಅನ್ನಿಸಿತು.

'ಶನಿವಾರ ನಮ್ಮ ಜೊತೆ ಬನ್ನಿ ಕೋಚ್. ಆದರೆ ಸುಮ್ನೆ ಬಂದು ಕೂತರೆ ಏನೂ ಗೊತ್ತಾಗಲ್ಲ. ಮೊದಲು ಎರಡೂ ಊರು ನೋಡಿ' ಅಂದರು.

ರಾತ್ರಿ ಮೊಮ್ಮಗ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಚಮಚ ಜೋಡಿಸಿ ಆಟ ಕಲಿಸಿದ. ಇದು ನಮ್ಮ ಕಾಲ್ಚೆಂಡು ಅಲ್ಲ. ಚೆಂಡು ತೆಂಗಿನಕಾಯಿ ಆಕಾರದ್ದು, ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಒಂದೊಂದು ಕಡೆ 11 ಜನ. ಮೈದಾನ 100 ಗಜ. ಚೆಂಡು ಇದ್ದವರಿಗೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿದರೆ ಆರು ಅಂಕ. ಹೈಸ್ಕೂಲಿನಲ್ಲಿ 12 ನಿಮಿಷದ ನಾಲ್ಕು ಭಾಗ.

'ತಾತ, ಇದು ಚೆಂಡು ಇಟ್ಟುಕೊಂಡು ಆಡೋ ಕಬಡ್ಡಿ' ಅಂದ. ಅಷ್ಟು ಹೇಳಿದ ಮೇಲೆ ನನಗೆ ಎಲ್ಲ ಸಲೀಸಾಯಿತು. ಗೆರೆ, ಪಟ್ಟು, ನುಗ್ಗುವವನು, ತಡೆಯುವವರು. ಕಬಡ್ಡಿಯಲ್ಲಿ ಉಸಿರಿಗೆ ಲೆಕ್ಕ, ಇಲ್ಲಿ ಗಜಕ್ಕೆ ಲೆಕ್ಕ.

ಬುಧವಾರ

ಮಗಳು ರಜೆ ಹಾಕಿ ಕ್ಯಾಂಟನ್‌ಗೆ ಕರೆದುಕೊಂಡು ಹೋದಳು. ಅರ್ಧ ಗಂಟೆಯ ದಾರಿ.

ಮೊದಲು ಹೋದದ್ದು ಶಾಲೆಯ ಹೆಸರಿನ ಹಿಂದಿರುವ ಮನುಷ್ಯನ ಸಮಾಧಿಗೆ. ವಿಲಿಯಂ ಮೆಕಿನ್ಲಿ ಅಮೆರಿಕದ 25ನೇ ಅಧ್ಯಕ್ಷ. ಕ್ಯಾಂಟನ್ ಅವರ ಊರು. 1896ರ ಚುನಾವಣೆಯಲ್ಲಿ ದೇಶ ಸುತ್ತದೆ, ಇದೇ ಊರಿನ ತಮ್ಮ ಮನೆಯ ಜಗಲಿಯಲ್ಲಿ ನಿಂತು, ಬಂದ ಜನರಿಗೆ ಭಾಷಣ ಮಾಡಿ ಗೆದ್ದವರು. 1901ರಲ್ಲಿ ಬಫಲೋ ನಗರದಲ್ಲಿ ಒಬ್ಬ ಗುಂಡು ಹಾರಿಸಿದ, ಎಂಟು ದಿನಕ್ಕೆ ತೀರಿಕೊಂಡರು. 1907ರಲ್ಲಿ ಗುಡ್ಡದ ಮೇಲೆ ದೊಡ್ಡ ಗುಮ್ಮಟ ಕಟ್ಟಿ ಸ್ಮಾರಕ ಮಾಡಿದರು. ಹತ್ತುವುದಕ್ಕೆ 108 ಮೆಟ್ಟಿಲು. ಮಗಳು ಎಣಿಸಿ ಎಣಿಸಿ ಹತ್ತಿದಳು. 108 ಅಂದ ಮೇಲೆ ನಮ್ಮವರಿಗೆ ಅರ್ಧಕ್ಕೆ ನಿಲ್ಲುವುದಕ್ಕೆ ಆಗುತ್ತಾ? ನನ್ನ ಮಂಡಿ ನೋವಿದ್ದರೂ ನಾನೂ ಹತ್ತಿದೆ. ಒಳಗೆ ಅವರು, ಅವರ ಹೆಂಡತಿ, ಚಿಕ್ಕಂದಿನಲ್ಲೇ ತೀರಿಕೊಂಡ ಇಬ್ಬರು ಹೆಣ್ಣುಮಕ್ಕಳು, ನಾಲ್ವರೂ ಒಂದೇ ಕಡೆ ಮಲಗಿದ್ದಾರೆ.

ಅಲ್ಲಿಂದ ಹತ್ತಿರದಲ್ಲೇ ಪ್ರೊ ಫುಟ್ಬಾಲ್ ಹಾಲ್ ಆಫ್ ಫೇಮ್, ವೃತ್ತಿಪರ ಫುಟ್ಬಾಲಿನ ದೊಡ್ಡ ಆಟಗಾರರನ್ನು ಗೌರವಿಸುವ ಮ್ಯೂಸಿಯಂ. 1963ರಲ್ಲಿ ತೆರೆದದ್ದು. ಇಷ್ಟು ದೊಡ್ಡ ದೇಶದಲ್ಲಿ ಇದು ಈ ಪುಟ್ಟ ಊರಿಗೆ ಯಾಕೆ ಬಂತು? ಉತ್ತರ 1920ರಲ್ಲಿದೆ. ಆ ವರ್ಷ ಸೆಪ್ಟೆಂಬರ್ 17ರಂದು ಕ್ಯಾಂಟನ್‌ನ ರಾಲ್ಫ್ ಹೇ ಎನ್ನುವವರ ಕಾರ್ ಶೋರೂಮಿನಲ್ಲಿ ಹಲವು ತಂಡಗಳ ಮುಖಂಡರು ಸೇರಿದರು. ಕೂರುವುದಕ್ಕೆ ಕುರ್ಚಿ ಸಾಲದೆ ಕೆಲವರು ಕಾರಿನ ಫುಟ್‌ಬೋರ್ಡಿನ ಮೇಲೆ ಕೂತರಂತೆ. ಇವತ್ತು ಇಡೀ ದೇಶ ನೋಡುವ ವೃತ್ತಿಪರ ಫುಟ್ಬಾಲ್ ಲೀಗ್ ಎನ್‌ಎಫ್‌ಎಲ್ ಹುಟ್ಟಿದ್ದು ಆ ಸಭೆಯಲ್ಲಿ. ಮೂಲನಿವಾಸಿ ಸಮುದಾಯದಿಂದ ಬಂದ ಮಹಾ ಆಟಗಾರ ಜಿಮ್ ಥಾರ್ಪ್ ಅದರ ಮೊದಲ ಅಧ್ಯಕ್ಷ. ಒಳಗೆ ಕಾಲಿಟ್ಟ ತಕ್ಷಣ ಅವರ ಪ್ರತಿಮೆ ಕಾಣುತ್ತದೆ.

ಆದರೆ ನಾನು ಜಾಸ್ತಿ ಹೊತ್ತು ನಿಂತದ್ದು ಮೇರಿಯನ್ ಮೋಟ್ಲಿಯ ಕಂಚಿನ ಮುಖದ ಎದುರು. ಅವರ ಕಥೆ ನನಗೆ ಅಜ್ಜಿ ಮೊದಲೇ ಹೇಳಿದ್ದರು, 'ನಮ್ಮ ಶಾಲೆಯ ಹುಡುಗ' ಅಂತ ಎದೆ ಮೇಲೆ ಕೈ ಇಟ್ಟುಕೊಂಡು.

ಮೋಟ್ಲಿ ಕಪ್ಪು ಜನಾಂಗದ ಹುಡುಗ, 1930ರ ದಶಕದಲ್ಲಿ ಮೆಕಿನ್ಲಿಗೆ ಆಡಿದವರು. ಅವರು ಆಡಿದ ಮೂರು ವರ್ಷದಲ್ಲಿ ಶಾಲೆ ಸೋತದ್ದು ಮೂರೇ ಪಂದ್ಯ. ಮೂರೂ ಮ್ಯಾಸಿಲಾನ್ ವಿರುದ್ಧ. ಆಗ ಮ್ಯಾಸಿಲಾನ್‌ಗೆ ಕೋಚ್ ಆಗಿದ್ದವರು ಪಾಲ್ ಬ್ರೌನ್. ವರ್ಷ ವರ್ಷ ಎದುರು ಸಾಲಿನಲ್ಲಿ ನಿಂತು ಆ ಹುಡುಗನನ್ನು ನೋಡಿದ್ದರು. ಮರೆಯಲಿಲ್ಲ. ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ತರಬೇತಿ ಕೇಂದ್ರದ ತಂಡದಲ್ಲಿ ಮೋಟ್ಲಿ ಬ್ರೌನ್ ಅವರ ಕೈಕೆಳಗೇ ಆಡಿದರು. 1946ರಲ್ಲಿ ಬ್ರೌನ್ ಕ್ಲೀವ್‌ಲ್ಯಾಂಡ್‌ನಲ್ಲಿ ವೃತ್ತಿಪರ ತಂಡ ಕಟ್ಟಿದಾಗ ಇನ್ನೊಬ್ಬ ಕಪ್ಪು ಆಟಗಾರ ಬಿಲ್ ವಿಲ್ಲಿಸ್ ಜೊತೆಗೆ ಮೋಟ್ಲಿಯನ್ನೂ ಸೇರಿಸಿಕೊಂಡರು. ಅದಕ್ಕೂ ಮೊದಲು ಸುಮಾರು ಹನ್ನೆರಡು ವರ್ಷ ಎನ್‌ಎಫ್‌ಎಲ್‌ನಲ್ಲಿ ಕಪ್ಪು ಜನರಿಗೆ ಜಾಗವೇ ಇರಲಿಲ್ಲ. ಬೇಸ್‌ಬಾಲಿನಲ್ಲಿ ಕಪ್ಪು ಆಟಗಾರ ಜ್ಯಾಕಿ ರಾಬಿನ್ಸನ್‌ಗೆ ಬಾಗಿಲು ತೆರೆದದ್ದಕ್ಕೂ ಒಂದು ವರ್ಷ ಮೊದಲಿನ ಮಾತಿದು. 1968ರಲ್ಲಿ ಮೋಟ್ಲಿ ಈ ಹಾಲಿಗೆ ಬಂದರು.

ಒಬ್ಬ ಮೇಷ್ಟ್ರಿಗೆ ಎದುರಾಳಿ ಶಾಲೆಯ ಹುಡುಗ ಕಣ್ಣಿಗೆ ಬೀಳುವುದು ಏನು ಅಂತ ನನಗೆ ಗೊತ್ತು. ನಮ್ಮ ತಾಲ್ಲೂಕಿನಲ್ಲೂ ಹಾಗೆ ಒಬ್ಬ ರೈಡರ್ ಇದ್ದ. ನಮ್ಮ ಶಾಲೆಯನ್ನು ಎರಡು ವರ್ಷ ಒಬ್ಬನೇ ಸೋಲಿಸಿದ. ಜಿಲ್ಲೆಯಿಂದ ಆಟಗಾರರನ್ನು ಆರಿಸುವಾಗ ನಾನೇ ಅವನ ಹೆಸರು ಮೊದಲು ಹೇಳಿದೆ. ಬಸ್ ಚಾರ್ಜಿಗೆ ಕಾಸಿಲ್ಲದೆ ಅವನು ಬರಲಿಲ್ಲ. ವಿಷಯ ನನಗೆ ಗೊತ್ತಾದದ್ದು ತಡವಾಗಿ. ಆ ನೋವು ಇನ್ನೂ ಹೋಗಿಲ್ಲ. ಮೋಟ್ಲಿಯ ಮುಂದೆ ನಿಂತಾಗ ಅವನೇ ನೆನಪಾದ.

ಹಾಲ್ ಪಕ್ಕದಲ್ಲೇ ಟಾಮ್ ಬೆನ್ಸನ್ ಸ್ಟೇಡಿಯಂ. ಮೆಕಿನ್ಲಿ ಹುಡುಗರ ಸ್ವಂತ ಮೈದಾನ ಇದೇ. 2023ರಲ್ಲಿ ಮ್ಯಾಸಿಲಾನ್ ರಾಜ್ಯ ಪ್ರಶಸ್ತಿ ಗೆದ್ದದ್ದೂ ಇಲ್ಲೇ, ಎದುರಾಳಿಯ ಅಂಗಳದಲ್ಲಿ. ಓಹಾಯೋದಲ್ಲಿ ಪ್ಲೇ ಆಫ್, ಅಂದರೆ ಸೋತವರು ಹೊರಬೀಳುವ ಕೊನೆಯ ಸುತ್ತುಗಳು, ಶುರುವಾದದ್ದು 1972ರಲ್ಲಿ. ಅದಕ್ಕೂ ಮೊದಲು ಪತ್ರಿಕೆಯವರ ಮತದಿಂದ ಎಷ್ಟೋ ಸಲ ಚಾಂಪಿಯನ್ ಆಗಿದ್ದ ಮ್ಯಾಸಿಲಾನ್, ಪ್ಲೇ ಆಫ್ ಬಂದ ಮೇಲೆ ಅರ್ಧ ಶತಮಾನ ಫೈನಲ್ ಗೆಲ್ಲಲಿಲ್ಲ. 2018, 2019, 2020, ಮೂರು ವರ್ಷ ಸಾಲಾಗಿ ಫೈನಲ್ ಸೋಲು. ಕೊನೆಗೆ 2023ರಲ್ಲಿ ನಮ್ಮ ಆ್ಯಕ್ರನ್‌ನ ಹೋಬನ್ ಶಾಲೆಯನ್ನು 7-2ರಿಂದ ಸೋಲಿಸಿದರು. ಮೆಕಿನ್ಲಿ ಅಷ್ಟರಲ್ಲಿ 1981, 1997, 1998ರಲ್ಲಿ ಮೂರು ಸಲ ಗೆದ್ದಾಗಿತ್ತು. ಅಜ್ಜಿ ಈ ಮೂರು ವರ್ಷಗಳನ್ನು ಮಕ್ಕಳು ಹುಟ್ಟಿದ ವರ್ಷ ಹೇಳುವ ಹಾಗೆ ಹೇಳುತ್ತಾರೆ.

ಗುರುವಾರ

ಇವತ್ತು ಮ್ಯಾಸಿಲಾನ್. ಅಜ್ಜ ತಾವೇ ಕಾರು ಓಡಿಸಿದರು.

ಊರಿನ ಜನಸಂಖ್ಯೆ ಸುಮಾರು 32,000. ನಡುವೆ ಟಸ್ಕರವಾಸ್ ನದಿ. ಲಿಂಕನ್ ವೇ ಎನ್ನುವ ಮುಖ್ಯ ರಸ್ತೆಯ ಅಂಗಡಿಗಳ ಗಾಜಿನ ಮೇಲೆಲ್ಲ ಹುಲಿ. ಕ್ಷೌರದಂಗಡಿ, ಬ್ಯಾಂಕು, ಹೂವಿನ ಅಂಗಡಿ, ಎಲ್ಲ ಕಡೆ ಒಂದೇ ಮಾತು: ಮೆಕಿನ್ಲಿಯನ್ನು ಸೋಲಿಸಿ. ನಮ್ಮ ಊರ ತೇರಿನ ಹಿಂದಿನ ದಿನ ಬಾಳೆಕಂದು, ತೋರಣ ಕಟ್ಟಿದ ಹಾಗೆ ಇಲ್ಲಿ ಕಿತ್ತಳೆ ಮತ್ತು ಕಪ್ಪು ಬಟ್ಟೆ ಕಟ್ಟಿದ್ದರು.

ಅಜ್ಜ ಒಂದು ಖಾಲಿ ಬಯಲಿನ ಮುಂದೆ ಕಾರು ನಿಲ್ಲಿಸಿದರು. ಅವರು ಕೆಲಸ ಮಾಡಿದ ಉಕ್ಕಿನ ಕಾರ್ಖಾನೆ ಅಲ್ಲಿತ್ತಂತೆ. ಈಗ ಹುಲ್ಲು, ತಂತಿ ಬೇಲಿ. 'ಅಪ್ಪ ಇಲ್ಲಿ ದುಡಿದರು, ನಾನು ಇಲ್ಲಿ ದುಡಿದೆ. ಶುಕ್ರವಾರ ಸಂಜೆ ಪಾಳಿ ಇದ್ದವರು ಆಟದ ಸ್ಕೋರನ್ನು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೀತಿದ್ದರು' ಅಂದರು. ಬೇರೆ ಏನೂ ಹೇಳಲಿಲ್ಲ.

ಈ ಊರಿಗೆ ಕಷ್ಟ ಹೊಸದಲ್ಲ. ಎರಡು ಶಾಲೆಗಳು ಮೊದಲ ಸಲ ಆಡಿದ ಅದೇ 1894ರ ಮಾರ್ಚ್ 25ರಂದು ಜೇಕಬ್ ಕಾಕ್ಸಿ ಎನ್ನುವ ಮ್ಯಾಸಿಲಾನ್‌ನವರು ನಿರುದ್ಯೋಗಿಗಳ ದಂಡು ಕಟ್ಟಿಕೊಂಡು ವಾಷಿಂಗ್ಟನ್‌ಗೆ ಕಾಲ್ನಡಿಗೆಯಲ್ಲಿ ಹೊರಟರು. ರಸ್ತೆ ಮಾಡುವ ಕೆಲಸವಾದರೂ ಕೊಡಿ ಅಂತ ಸರ್ಕಾರವನ್ನು ಕೇಳುವುದಕ್ಕೆ. ಒಂದೇ ವರ್ಷ, ಒಂದೇ ಊರು. ಒಂದು ಕಡೆ ಹೊಟ್ಟೆಗಾಗಿ ನಡಿಗೆ, ಇನ್ನೊಂದು ಕಡೆ ಹುಡುಗರ ಆಟ. ನನಗೆ ಇವೆರಡೂ ಬೇರೆ ಬೇರೆ ಅನ್ನಿಸಲಿಲ್ಲ.

ಮ್ಯಾಸಿಲಾನ್ ಮ್ಯೂಸಿಯಂನಲ್ಲಿ ಪಾಲ್ ಬ್ರೌನ್‌ಗೆಂದೇ ಒಂದು ಭಾಗ ಇದೆ. ಅವರು ಇದೇ ಶಾಲೆಯಲ್ಲಿ ಓದಿ, 1932ರಲ್ಲಿ ಇಲ್ಲಿಗೇ ಕೋಚ್ ಆಗಿ ಬಂದರು. ಒಂಬತ್ತು ವರ್ಷದಲ್ಲಿ 80 ಗೆಲುವು, 8 ಸೋಲು, 2 ಸಮ. 1935ರಿಂದ 1940ರವರೆಗೆ ಸತತ ಆರು ವರ್ಷ ರಾಜ್ಯಕ್ಕೇ ಮೊದಲು. ಅವರ ಹೆಸರಿನ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಆಮೇಲೆ ಬಂದದ್ದು. ಒಬ್ಬ ಹೈಸ್ಕೂಲ್ ಮೇಷ್ಟ್ರು ಇಡೀ ದೇಶದ ಆಟದ ರೀತಿಯನ್ನೇ ಬದಲಿಸಿದ ಅನ್ನುವುದು ನನಗೆ ತುಂಬ ದೊಡ್ಡ ವಿಷಯ. ಅವರು ಹುಡುಗರಿಗೆ ಆಟವನ್ನು ಪಾಠದ ಹಾಗೆ ಕಲಿಸಿದರು. ನೋಟ್ ಬುಕ್ ಕೊಟ್ಟು ಬರೆಸಿದರು, ಆಟದ ಫಿಲ್ಮ್ ಹಾಕಿ ತೋರಿಸಿದರು. ಗೆದ್ದ ಬಲ ಬರೀ ತೋಳಿನದಲ್ಲ.

ಸಂಜೆ ಮೆರವಣಿಗೆ. ಬ್ಯಾಂಡಿನ ಸದ್ದು ದೂರದಿಂದಲೇ ಕೇಳಿಸಿತು. ಟೈಗರ್ ಸ್ವಿಂಗ್ ಬ್ಯಾಂಡ್ ಅಂತ ಅದರ ಹೆಸರು. 1938ರಲ್ಲಿ ಜಾರ್ಜ್ ಬರ್ಡ್ ಎನ್ನುವ ಸಂಗೀತ ಮೇಷ್ಟ್ರು ಕಟ್ಟಿದ್ದು. ಬ್ಯಾಂಡಿನ ಮುಂದೆ ಹುಲಿವೇಷದ ವಿದ್ಯಾರ್ಥಿ ಕುಣಿಯುತ್ತಾ ಬರುತ್ತಾನೆ. ಅವನನ್ನು ಓಬಿ ಅಂತ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಕಿತ್ತಳೆ, ಕಪ್ಪು ಎನ್ನುವ ಪದಗಳ ಮೊದಲ ಅಕ್ಷರ ಸೇರಿಸಿ ಮಾಡಿದ ಹೆಸರು. ಬಹಳ ವರ್ಷ ನಿಜವಾದ ಹುಲಿಮರಿಯನ್ನೇ ಬೋನಿನಲ್ಲಿ ಮೈದಾನಕ್ಕೆ ತರುತ್ತಿದ್ದರಂತೆ. ನನಗೆ ಆ ಮರಿಗಿಂತ ಈ ವೇಷವೇ ಇಷ್ಟ. ನಾನು ಎರಡು ವರ್ಷ ಕಾರ್ಕಳದ ಕಡೆ ಕೆಲಸ ಮಾಡಿದ್ದೆ. ನವರಾತ್ರಿಯಲ್ಲಿ ತಾಸೆಯ ಪೆಟ್ಟಿಗೆ ಹುಲಿವೇಷದವರು ಹೆಜ್ಜೆ ಹಾಕುವಾಗ ಚಿಕ್ಕ ಮಕ್ಕಳು ಹೆದರಿ ಅಮ್ಮನ ಸೆರಗು ಹಿಡಿಯುತ್ತಿದ್ದರು, ಆದರೂ ಕಣ್ಣು ಮಾತ್ರ ಹುಲಿ ಮೇಲೆ. ಇಲ್ಲೂ ಹಾಗೆಯೇ ಒಂದು ಮಗು ಅಪ್ಪನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿತ್ತು.

ಈ ಊರಲ್ಲಿ ಗಂಡುಮಗು ಹುಟ್ಟಿದರೆ ತಂಡದ ಅಭಿಮಾನಿಗಳ ಕೂಟದವರು ಆಸ್ಪತ್ರೆಗೆ ಹೋಗಿ ತೊಟ್ಟಿಲಲ್ಲಿ ಪುಟ್ಟ ಫುಟ್ಬಾಲ್ ಇಡುವ ಪದ್ಧತಿ ಬೆಳೆದು ಬಂದಿತ್ತು. ಅಜ್ಜನ ಮನೆಯಲ್ಲಿ ಅವರ ಮಗನ ಚೆಂಡು ಇನ್ನೂ ಇದೆ. 'ಹೆಂಡತಿ ಕ್ಯಾಂಟನ್‌ನವಳು, ಆದರೂ ಎಸೆಯಲಿಲ್ಲ' ಅಂದರು, ಪ್ರೀತಿಯಿಂದ.

ಆಟಗಾರರ ಗಾಡಿ ಬಂತು. ಹದಿನಾರು, ಹದಿನೇಳರ ಹುಡುಗರು. ಮೈ ದೊಡ್ಡದು, ಮುಖ ಇನ್ನೂ ಎಳಸು. ಜನ ಅವರವರ ನಂಬರ್ ಕೂಗುತ್ತಿದ್ದರು. ಒಬ್ಬ ಹುಡುಗ ಕೈ ಬೀಸುತ್ತಾ ಬೀಸುತ್ತಾ ಒಂದು ಕ್ಷಣ ಕೆಳಗೆ ನೋಡಿದ, ತುಟಿ ಕಚ್ಚಿಕೊಂಡ. ಆ ಮುಖ ನನಗೆ ಗೊತ್ತು. ಫೈನಲ್ ಹಿಂದಿನ ದಿನ ನನ್ನ ಹುಡುಗರ ಮುಖ ಹಾಗೇ ಇರುತ್ತಿತ್ತು. ಊರಿನ ಅಷ್ಟೂ ಪ್ರೀತಿ ಹೊರುವುದು ಸುಲಭ ಅಲ್ಲ. ದೊಡ್ಡವರು ಇದನ್ನು ಮರೆಯಬಾರದು. ಅಜ್ಜನಿಗೂ ಅದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಶಾಲೆಯ ಕೊನೇ ವರ್ಷ ಈ ಪಂದ್ಯ ಆಡಿ ಸೋತೆ ಕೋಚ್. ಐವತ್ತು ವರ್ಷದ ಮೇಲಾಯಿತು. ಈಗಲೂ ಅಂಗಡಿಯಲ್ಲಿ ಯಾರಾದರೂ ಅದನ್ನು ಎತ್ತುತ್ತಾರೆ' ಅಂದರು.

ಶುಕ್ರವಾರ

ದಿನವಿಡೀ ಜಿಟಿ ಜಿಟಿ ಮಳೆ. ಎಲ್ಲೂ ಹೋಗಲಿಲ್ಲ. ಮಗಳು ಅಕ್ಕಿರೊಟ್ಟಿ ತಟ್ಟಿದಳು, ಅಜ್ಜ ಅಜ್ಜಿ ಇಬ್ಬರನ್ನೂ ಕರೆದೆವು. ಒಂದೇ ಮೇಜಿನಲ್ಲಿ ಕೂತು ಎರಡು ರೊಟ್ಟಿ ತಿನ್ನುವಷ್ಟರಲ್ಲಿ ನಾಳೆಯ ಆಟ ಅಲ್ಲೇ ಶುರುವಾಯಿತು.

ಅಜ್ಜನ ಲೆಕ್ಕ ಸರಳ. ನೆಲ ಒದ್ದೆಯಾಗಿ ಚೆಂಡು ಜಾರಿದರೆ ಎಸೆತ ಕಮ್ಮಿಯಾಗುತ್ತದೆ, ಚೆಂಡು ಹಿಡಿದು ನುಗ್ಗುವವರ ಆಟ ಆಗುತ್ತದೆ. ಆಗ ಮುಂದಿನ ಸಾಲಿನ ಐದು ಜನ ಮುಖ್ಯ. ಅವರ ಹೆಸರು ಪೇಪರಿನಲ್ಲಿ ಬರಲ್ಲ, ಆದರೆ ದಾರಿ ಮಾಡಿಕೊಡುವವರು ಅವರೇ. 'ಚೆಂಡನ್ನು ನೋಡಬೇಡಿ ಕೋಚ್. ಮೊದಲ ಹತ್ತು ನಿಮಿಷ ಆ ಸಾಲನ್ನು ನೋಡಿ. ಯಾರು ಯಾರನ್ನು ಹಿಂದಕ್ಕೆ ತಳ್ಳುತ್ತಾರೆ ಅಂತ. ಗೆಲ್ಲೋರು ಯಾರು ಅಂತ ಅಲ್ಲೇ ಗೊತ್ತಾಗುತ್ತೆ.'

ಅಜ್ಜಿ ಒಪ್ಪಲಿಲ್ಲ. ಅವರ ಪ್ರಕಾರ ಈ ಪಂದ್ಯ ಕಳೆದುಕೊಳ್ಳುವುದು ಕೈಯಿಂದ. ಉದ್ವೇಗದಲ್ಲಿ ಹುಡುಗರು ಚೆಂಡು ಕೈಬಿಡುತ್ತಾರೆ. ಒದ್ದು ಕಳಿಸಿದ ಚೆಂಡನ್ನು ಹಿಡಿಯುವಾಗ ತಪ್ಪುತ್ತಾರೆ. ಹಾಗೆ ಬಿಟ್ಟ ಒಂದು ಚೆಂಡು ಸಾಕು. ಒಟ್ಟು ಲೆಕ್ಕದಲ್ಲಿ ಮ್ಯಾಸಿಲಾನ್ ಮುಂದಿದೆ, ಅದನ್ನು ಅವರೂ ಒಪ್ಪುತ್ತಾರೆ. 'ಆದರೆ ಆ ಹಳೇ ಗೆಲುವು ಯಾವುದೂ ನಾಳೆ ಮೈದಾನಕ್ಕೆ ಇಳಿಯಲ್ಲ' ಅಂದರು.

ಇಬ್ಬರ ಮಾತೂ ಕಬಡ್ಡಿಗೆ ಸರಿಹೊಂದುತ್ತದೆ. ಮೂಲೆಯಲ್ಲಿ ನಿಂತು ಕಾಲು ಹಿಡಿಯುವವನ ಹೆಸರನ್ನು ಯಾರು ಕೂಗುತ್ತಾರೆ? ಆದರೆ ಅವನ ಹಿಡಿತ ತಪ್ಪಿದರೆ ಇಡೀ ಕಡೆ ಖಾಲಿ. ಇನ್ನೊಂದು ವಿಷಯ ಇದೆ. ಇದು ಹತ್ತನೇ ವಾರದ ಪಂದ್ಯ, ಲೀಗ್ ಹಂತದಲ್ಲಿ ಕೊನೆಯದು. ಇದು ಮುಗಿದ ಮೇಲೆ ರಾಜ್ಯದ ಪ್ಲೇ ಆಫ್. ಬೇರೆ ಕಡೆಯಾದರೆ ಮುಂದಿನ ಸುತ್ತಿಗೆ ಅಂತ ಒಳ್ಳೆಯ ಆಟಗಾರನಿಗೆ ವಿಶ್ರಾಂತಿ ಕೊಡುತ್ತಿದ್ದರೇನೋ. ಇಲ್ಲಿ ಆ ಮಾತೇ ಎತ್ತುವಂತಿಲ್ಲ.

ಶನಿವಾರ

ಮಳೆ ನಿಂತಿತ್ತು. ಆಕಾಶ ತೊಳೆದ ಹಾಗೆ. ಚಳಿ ಮಾತ್ರ ಕಿವಿ ಕಚ್ಚುತ್ತಿತ್ತು. ಬೆಳಿಗ್ಗೆಯೇ ಹೊರಟೆವು. ಆಟ ಮಧ್ಯಾಹ್ನ, ಆದರೆ ಪಾರ್ಕಿಂಗ್ ಬಯಲಿನಲ್ಲಿ ಆಗಲೇ ಡಿಕ್ಕಿ ತೆರೆದು, ಒಲೆ ಹಚ್ಚಿ, ಜನ ಅಡುಗೆ ಮಾಡುತ್ತಿದ್ದರು. ಯಾರೋ ಗುರುತಿಲ್ಲದವರು ನನ್ನ ಕೈಗೆ ಬಿಸಿ ಚಾಕೊಲೇಟ್ ಹಾಲು ಕೊಟ್ಟರು. ನಾನು ಮಾಂಸ ತಿನ್ನಲ್ಲ ಅಂದದ್ದಕ್ಕೆ ಇನ್ನೊಬ್ಬರು ಸುಟ್ಟ ಜೋಳ ತಂದರು.

ಪಾಲ್ ಬ್ರೌನ್ ಟೈಗರ್ ಸ್ಟೇಡಿಯಂ ಕಟ್ಟಿದ್ದು 1939ರಲ್ಲಿ. ಆರ್ಥಿಕ ಕುಸಿತದ ಕಾಲದಲ್ಲಿ ಜನರಿಗೆ ಕೆಲಸ ಕೊಡುವುದಕ್ಕೆ ಸರ್ಕಾರ ಮಾಡಿದ್ದ ಯೋಜನೆಯ ನೆರವಿನಲ್ಲಿ. ಒಳಗೆ 16,000ಕ್ಕೂ ಹೆಚ್ಚು ಜನ ಕೂರಬಹುದು. ಅಂದರೆ ಊರಿನ ಅರ್ಧ ಜನ. ಮೆಟ್ಟಿಲು ಹತ್ತಿ ಒಳಗೆ ಬಂದು ಆ ಹಸಿರು ಕಂಡಾಗ ನನ್ನ ಕಾಲು ಅಲ್ಲೇ ನಿಂತಿತು. ಒಂದು ಹೈಸ್ಕೂಲಿಗೆ ಇಷ್ಟು ದೊಡ್ಡ ಮೈದಾನ! ನನ್ನ ಕೊನೆಯ ಶಾಲೆಯಲ್ಲಿ ಇದ್ದ ಒಂದೇ ಮೈದಾನದ ಅರ್ಧ ಭಾಗ ಬೇರೆ ಕಟ್ಟಡಕ್ಕೆ ಹೋಯಿತು. ಅರ್ಜಿ ಬರೆದೆ, ಅಲೆದೆ, ಆಗಲಿಲ್ಲ. ಉಳಿದ ಅರ್ಧದಲ್ಲಿ ಸುಣ್ಣ ಹಾಕಿ ಮಕ್ಕಳನ್ನು ಆಡಿಸಿದೆ. ಇಲ್ಲಿ ಕೆಲಸವೇ ಇಲ್ಲದ ಕಾಲದಲ್ಲಿ ಮಕ್ಕಳ ಆಟಕ್ಕೆ ಕಟ್ಟಿದ್ದಾರೆ. ಕಣ್ಣು ತುಂಬಿ ಬಂತು. ಮಗಳು ಏನೂ ಕೇಳದೆ ಕೈ ಹಿಡಿದುಕೊಂಡಳು.

ಅಜ್ಜಿ ಎದುರು ಕಡೆಯ ಕೆಂಪು ಸಾಲಿಗೆ ಹೊರಟರು. ಮಗಳೂ ಅವರ ಜೊತೆ ಹೋದಳು, 'ಅಪ್ಪ, ಅವರೊಬ್ಬರೇ ಆಗ್ತಾರೆ' ಅಂತ. ನಾನು ಮತ್ತು ಮೊಮ್ಮಗ ಅಜ್ಜನ ಪಕ್ಕ ಕೂತೆವು. ಹೋಗುವ ಮೊದಲು ಅಜ್ಜಿ ಗಂಡನ ಕುತ್ತಿಗೆಯ ಮಫ್ಲರ್ ಸರಿಮಾಡಿದರು. ವಾರದಲ್ಲಿ ಅವರಿಬ್ಬರ ನಡುವೆ ನಾನು ಕಂಡ ಅತಿ ಉದ್ದದ ಮಾತುಕತೆ ಅದು. ಅದರಲ್ಲಿ ಒಂದು ಪದವೂ ಇರಲಿಲ್ಲ.

ಬ್ಯಾಂಡು ಮೈದಾನಕ್ಕಿಳಿಯಿತು. ಮೂಲೆಯಲ್ಲಿ ಆಂಬುಲೆನ್ಸ್ ತಯಾರಾಗಿ ನಿಂತದ್ದನ್ನು ನಾನು ಮೊದಲು ನೋಡಿಕೊಂಡೆ, ಅದು ಹಳೇ ಅಭ್ಯಾಸ. ಕೆಂಪು ಕಪ್ಪು ಅಂಗಿಯ ಬುಲ್‌ಡಾಗ್ಸ್ ಓಡಿ ಬಂದಾಗ ಎದುರು ಕಡೆ ಗುಡುಗಿತು. ಆಮೇಲೆ ಹುಲಿಗಳು. ಸಿಮೆಂಟಿನ ಮೆಟ್ಟಿಲು ನನ್ನ ಪಾದದ ಕೆಳಗೆ ನಡುಗಿತು. ಮೆರವಣಿಗೆಯಲ್ಲಿ ತುಟಿ ಕಚ್ಚಿಕೊಂಡ ಹುಡುಗನ ನಂಬರನ್ನು ನಾನು ನೆನಪಿಟ್ಟುಕೊಂಡಿದ್ದೆ. ಅವನು ಮುಂದಿನ ಸಾಲಿನವನು. ಹೆಲ್ಮೆಟ್ ಹಾಕಿದ್ದ, ಮುಖ ಕಾಣಲಿಲ್ಲ. ಪಕ್ಕದವನ ಭುಜವನ್ನು ಎರಡು ಸಲ ತಟ್ಟಿದ.

'ಸಾಲು ನೋಡಿ ಕೋಚ್, ಸಾಲು' ಅಂದರು ಅಜ್ಜ. ಅವರ ಕೈ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಿತ್ತು.

ಸೀಟಿ ಊದಿದರು. ಚೆಂಡು ಮೇಲಕ್ಕೆ ಹಾರಿತು. ಇಡೀ ಊರು ಎದ್ದು ನಿಂತಿತು, ನಾನೂ ನಿಂತೆ.